ದಸ್ತಗೀರನ ಕೊನೆಯ ಮೂರು ಚೆಂಡು

ನಾನು ಮೂವತ್ತೊಂದು ವರ್ಷ ಬೇಸ್‌ಬಾಲ್ ಆಡಿದವನು. ಹವ್ಯಾಸಕ್ಕಲ್ಲ, ಪುರಸಭೆಯ ಸಂಬಳಕ್ಕೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಚೆಂಡನ್ನು ಗೋಡೆಯಾಚೆ ಹೊಡೆದಿಲ್ಲ. ನಾಲ್ಕು ಮೂಲೆ ಸುತ್ತಿ ಬಂದು ಓಟ ಗಳಿಸಿದ್ದು ಎಲ್ಲ ಸೇರಿ ಹನ್ನೊಂದು ಸಲ. ಬೇರೆ ಊರಾಗಿದ್ದರೆ ಮೊದಲ ವರ್ಷವೇ ಕುತ್ತಿಗೆ ಹಿಡಿದು ಹೊರಗೆ ದಬ್ಬುತ್ತಿದ್ದರು. ನಮ್ಮೂರಿನಲ್ಲಿ ನನ್ನನ್ನು ಕಂಡರೆ ಮುದುಕರು ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದರು. ಕೆಲವರು ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ನಮ್ಮೂರಿನಲ್ಲಿ ಆಟ ನಡೆಯುತ್ತಿರುವಾಗ ಯಾರೂ ಸಾಯುವುದಿಲ್ಲ. ವಾರಕ್ಕೆ ಎರಡು ಆಟ, ಗುರುವಾರ ಒಂದು, ರವಿವಾರ ಒಂದು. ಮಧ್ಯಾಹ್ನದ ಊಟವಾದ ಮೇಲೆ ಅಂಪೈರು ಆಟ ಶುರು ಎಂದು ಕೂಗಿದ ಗಳಿಗೆಯಿಂದ ಮುಗಿಯಿತು ಎಂದು ಕೂಗುವ ಗಳಿಗೆಯವರೆಗೆ ಊರಿನ ಹದ್ದಿನೊಳಗೆ ಒಂದು ಜೀವವೂ ಹೋಗುವುದಿಲ್ಲ. ನಾಡಿ ನಿಲ್ಲಬಹುದು, ಕೈಕಾಲು ತಣ್ಣಗಾಗಬಹುದು, ಆದರೂ ಮನುಷ್ಯ ಕಣ್ಣು ಬಿಟ್ಟುಕೊಂಡು ಮಾತಾಡುತ್ತಿರುತ್ತಾನೆ. ಉಳಿದ ಐದು ದಿನ ನಮ್ಮೂರೂ ಎಲ್ಲ ಊರಿನಂತೆಯೇ. ಆದ್ದರಿಂದ ನಮ್ಮಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮನೆಯವರು ಡಾಕ್ಟರನ್ನು ಕೇಳುವ ಮೊದಲ ಮಾತು, "ಗುರುವಾರದ ತನಕ ತಡೀತಾರೇನ್ರಿ?" ತಡೆಯುತ್ತಾರೆ ಎಂದರೆ ಹೊರಗಿದ್ದ ಮಕ್ಕಳಿಗೆ ಫೋನು ಹೋಗುತ್ತಿತ್ತು, ಆಟದ ಹೊತ್ತಿಗೆ ಬಂದು ಮುಖ ನೋಡಿರಿ ಎಂದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಬ್ಯಾಟಿನಿಂದ ಹೊಡೆಯಬೇಕು. ಮೂರು ಸಲ ತಪ್ಪಿದರೆ ಅವನು ಔಟು. ಆದರೆ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಗೆರೆಯ ಆಚೆ ಹೋದರೆ ಅದು ಫೌಲು, ಮೊದಲೆರಡು ಫೌಲು ತಪ್ಪಿನ ಲೆಕ್ಕಕ್ಕೇ ಸೇರುತ್ತವೆ. ಎರಡು ತಪ್ಪು ಆದ ಮೇಲೆ ಎಷ್ಟು ಫೌಲು ಹೊಡೆದರೂ ಅವನು ಔಟಲ್ಲ, ಮತ್ತೊಂದು ಚೆಂಡು ಎಸೆಯಲೇಬೇಕು. ತೋಳಿನಲ್ಲಿ ಕಸುವಿದ್ದರೆ ಬೆಳಕಿರುವವರೆಗೂ ಹೀಗೇ ನಿಲ್ಲಬಹುದು. ನಮ್ಮ ಗಿರಣಿ ಓಣಿಯ ತಂಡ ನನ್ನನ್ನು ಇಟ್ಟುಕೊಂಡದ್ದೇ ಇದಕ್ಕೆ. ಆಟದ ಕೊನೆಯ ಔಟು ಬಾಕಿ ಇರುವಾಗ ನನ್ನನ್ನು ಕಳಿಸುತ್ತಿದ್ದರು. ನಾನು ಹೋಗಿ ನಿಂತು ಒಂದಾದ ಮೇಲೊಂದು ಚೆಂಡನ್ನು ಅಂಚಿಗೆ ತಾಗಿಸಿ ಪಕ್ಕಕ್ಕೆ ಕಳಿಸುತ್ತಿದ್ದೆ. ಗಾಳಿಯಲ್ಲಿ ಹೋದ ಫೌಲನ್ನು ಹಿಡಿದರೂ ಔಟೇ, ಆದರೆ ಯಾರೂ ಹಿಡಿಯುತ್ತಿರಲಿಲ್ಲ. ಹಿಡಿದವನ ಮನೆಗೆ ಊರಲ್ಲಿ ಯಾರು ಹೆಣ್ಣು ಕೊಡುತ್ತಾರೆ?

ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಛತ್ರಿ ಹೇಳುತ್ತಿತ್ತು. ಜೀವ ಹಿಡಿದಿರುವ ಮನೆಯಿಂದ ಒಬ್ಬರು ಬಂದು ನನ್ನ ಹಿಂದಿನ ಹಗ್ಗದ ಆಚೆ ಛತ್ರಿ ಬಿಚ್ಚಿ ನಿಲ್ಲುತ್ತಿದ್ದರು. ಬರಬೇಕಾದವರು ಬಂದು, ಆಡಬೇಕಾದ ಮಾತು ಆಡಿ ಮುಗಿದ ಮೇಲೆ ಛತ್ರಿ ಮಡಚುತ್ತಿದ್ದರು. ಎಲ್ಲ ಛತ್ರಿ ಮಡಚಿದ ಮೇಲೆ ನಾನು ಒಂದು ಚೆಂಡನ್ನು ಬಿಡುತ್ತಿದ್ದೆ, ಆಟ ಮುಗಿಯುತ್ತಿತ್ತು. ಯಾವ ಮನೆಯ ಛತ್ರಿ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹಾಗೆ ಕೇಳುವುದು ಅಪಶಕುನ. ಆಟದ ನಡುವೆ ನನಗೆ ಛತ್ರಿಯಲ್ಲದೆ ಬೇರೆ ಸುದ್ದಿ ಮುಟ್ಟಿಸುವುದೂ ಕೂಡದು. ಹಗ್ಗ ದಾಟಿ ಒಳಗೆ ಬಂದರಂತೂ ಅಂಪೈರು ಆಟ ನಿಲ್ಲಿಸಬೇಕು.

ನನ್ನ ಹೆಸರು ಯಮನಪ್ಪ. ಈ ಹೆಸರಿಟ್ಟುಕೊಂಡು ಈ ಕೆಲಸ ಮಾಡುತ್ತಿದ್ದೆ ಎಂದು ಊರವರು ಆಡಿಕೊಳ್ಳದ ದಿನವಿರಲಿಲ್ಲ. "ಯಮನ್ನ ಬಾಗಲದಾಗ ನಿಂದ್ರಸಾಕ ಯಮನಪ್ಪನ ಬೇಕು" ಎನ್ನುತ್ತಿದ್ದರು. ನನಗೂ ಏನು ಕಡಿಮೆ ಸೊಕ್ಕಿರಲಿಲ್ಲ. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತರೆ ನನ್ನ ಹೆಂಡತಿ ಫಕೀರವ್ವ ಒಂದೊಂದೇ ಹುಣಸೆಬೀಜ ಎಸೆಯುತ್ತಿದ್ದಳು, ನಾನು ಸಣ್ಣ ಕೋಲಿನಿಂದ ಅದನ್ನು ಅಂಚಿಗೆ ತಾಗಿಸುತ್ತಿದ್ದೆ. ನೂರಕ್ಕೆ ತೊಂಬತ್ತು ತಾಗುತ್ತಿದ್ದವು. ಇಂಥ ಕಣ್ಣು, ಇಂಥ ಮಣಿಕಟ್ಟು ಇನ್ನೊಬ್ಬನಿಗಿಲ್ಲ ಎಂದು ನಾನೇ ನಂಬಿದ್ದೆ. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಫಕೀರವ್ವ ಬೈದರೂ ಬೀಜ ಎಸೆಯುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಎದುರಿಗೆ ಎಸೆಯುವವನು ದಸ್ತಗೀರ. ಕೋಟೆ ಓಣಿಯ ತಂಡದವನು, ಪಿಂಜಾರರವನು. ಅಪ್ಪನ ಜೊತೆ ಹತ್ತಿ ಹಿಂಜುವ ಬಿಲ್ಲು ಎಳೆದು ಎಳೆದು ಬಲಗೈ ಎಡಗೈಗಿಂತ ಎರಡು ಬೆರಳು ದಪ್ಪವಾಗಿತ್ತು. ನಾನು ಸೇರಿದ ವರ್ಷವೇ ಅವನೂ ಸೇರಿದ, ಇಪ್ಪತ್ತೊಂದು ವಯಸ್ಸು ಇಬ್ಬರಿಗೂ. ಅಲ್ಲಿಂದ ಮುಂದೆ ಊರಿನ ಪ್ರತಿಯೊಂದು ಕೊನೆಯ ಗಳಿಗೆಯಲ್ಲೂ ನಾವಿಬ್ಬರೇ ಎದುರಾಬದುರು. ನಾಲ್ಕು ಸಲ ಚೆಂಡು ಹೊರಗೆ ಎಸೆದು ನನ್ನನ್ನು ಪುಕ್ಕಟೆ ಮೊದಲ ಮೂಲೆಗೆ ಕಳಿಸಿದರೆ ನನ್ನ ಹಿಂದೆ ಬರುವವನು ಎರಡು ನಿಮಿಷ ನಿಲ್ಲುವ ಗಿರಾಕಿಯಲ್ಲ. ಅದಕ್ಕೇ ದಸ್ತಗೀರ ನೇರಕ್ಕೇ ಎಸೆಯುತ್ತಿದ್ದ, ತಾಸುಗಟ್ಟಲೆ ಎಸೆಯುತ್ತಿದ್ದ. ಆಟ ಮುಗಿದ ಮೇಲೆ ಇಬ್ಬರೂ ಕೈ ಬಿಸಿನೀರಿನಲ್ಲಿ ಅದ್ದಿಕೊಂಡು ನಮ್ಮ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದೆವು. "ನಿನ್ನ ಒಂದ ಸಲ ಅರ ನೆಟ್ಟಗ ಔಟ್ ಮಾಡಬೇಕೋ ಯಮನ್ಯಾ" ಎನ್ನುತ್ತಿದ್ದ. "ಅದಕ್ಕ ಇನ್ನೊಂದ ಜನ್ಮ ಬೇಕು" ಎನ್ನುತ್ತಿದ್ದೆ. ಅವನು ನಗುತ್ತಿದ್ದ.

ಈರಬಸಪ್ಪನ ದಿನದವರೆಗೆ ನಾನು ಈ ಕೆಲಸವನ್ನು ಪುಣ್ಯ ಎಂದೇ ತಿಳಿದಿದ್ದೆ. ಈರಬಸಪ್ಪ ಅರಳೆ ಗಿರಣಿಯ ಬಾಯ್ಲರಿನ ಮುಂದೆ ಕೆಲಸ ಮಾಡುತ್ತಿದ್ದವನು. ಒಂದು ರವಿವಾರ ಮುಂಜಾನೆ ಮೈ ಸುಟ್ಟುಕೊಂಡ. ಡಾಕ್ಟರು ಕೈ ಚೆಲ್ಲಿದರು. ಆಟದ ಹೊತ್ತಿಗೆ ಅವನ ಹೆಂಡತಿಯ ತಮ್ಮ ಬಂದು ಹಗ್ಗದ ಆಚೆ ಛತ್ರಿ ಬಿಚ್ಚಿದ. ಆ ದಿನ ಇನ್ನೂ ಒಂದು ಛತ್ರಿಯಿತ್ತು, ಕರಿಯದು, ಅದರ ಕೆಳಗೆ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದಳು. ಮೂರೂವರೆಗೆ ಈರಬಸಪ್ಪನ ಅಣ್ಣ ಬಂದು ಮುಖ ನೋಡಿಕೊಂಡ, ಅವರ ಛತ್ರಿ ಮಡಚಿತು. ಕರಿಯ ಛತ್ರಿ ಮಡಚಲಿಲ್ಲ. ನಾನು ಹಿಡಿದೆ. ಐದಾಯಿತು, ಐದೂವರೆಯಾಯಿತು, ಸೊಂಟ ಮುರಿದುಹೋಯಿತು. ಯಾರ ಮಗನೋ ಎಲ್ಲಿಂದ ಬರಬೇಕೋ ಎಂದುಕೊಂಡು ಹಲ್ಲು ಕಚ್ಚಿ ಹಿಡಿದೆ. ಬೆಳಕು ಸತ್ತು ಅಂಪೈರು ಆಟ ಮುಗಿಸುವವರೆಗೂ ನಾನು ಔಟಾಗಲಿಲ್ಲ.

ಆ ಹೆಂಗಸು ಪರ ಊರಿನವಳು. ಬಾಚಣಿಗೆ, ಪಿನ್ನು ಮಾರಿಕೊಂಡು ಬಂದವಳು ಬಿಸಿಲು ಹೊತ್ತಿತೆಂದು ಛತ್ರಿ ಬಿಚ್ಚಿ, ಬಿಸಿಲಿಳಿದರೂ ಮಡಚದೆ ಆಟ ನೋಡುತ್ತಾ ಕೂತಿದ್ದಳು. ಆಟ ಮುಗಿದ ಮೇಲೆ ಬುಟ್ಟಿ ತಲೆಗೇರಿಸಿಕೊಂಡು, "ಚಲೋ ಆಡ್ತೀರಿ ಬಿಡ್ರಿ" ಎಂದು ನನಗೆ ಹೇಳಿ ಹೋದಳು. ಅವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಸಾವಿರ ಜನ ಅಲ್ಲಿ ಕೂತಿದ್ದರು. ಒಬ್ಬರಾದರೂ ಬಾಯಿಬಿಟ್ಟು ಯಾರ ಮನೆಯವಳವ್ವಾ ಎಂದು ಕೇಳಿದ್ದರೆ ಮುಗಿಯುತ್ತಿತ್ತು.

ನಾನು ಮತ್ತು ದಸ್ತಗೀರ ಆಟದ ಅಂಗಿಯಲ್ಲೇ ಈರಬಸಪ್ಪನ ಮನೆಗೆ ಹೋದೆವು. ಅವನನ್ನು ಬಾಳೆ ಎಲೆಯ ಮೇಲೆ ಮಲಗಿಸಿದ್ದರು, ಮೇಲೊಂದು ಬಿಳಿ ಪಂಚೆ. ಅವನ ಹೆಂಡತಿ ಅಳುತ್ತಿರಲಿಲ್ಲ. "ಮೂರು ತಾಸು ಕೂಗಿದ್ರು, ಅಣ್ಣಾ" ಎಂದಳು. "ಯಮನಪ್ಪಗ ಹೋಗಿ ಹೇಳ್ರಿ, ಬಿಡು ಅನ್ರಿ ಅಂತ ಕೂಗಿದ್ರು. ಬ್ಯಾರೆ ಮನೀದು ಇನ್ನಾ ಐತಿ, ಅವರದೂ ಜೀವ ಅಲ್ಲೇನು ಅಂತ ನಾವ ಸುಮ್ಮನಾದ್ವಿ." ನಾಡಿ ನಿಂತವರಿಗೆ ನೋವು ನಿಲ್ಲುವುದಿಲ್ಲ ಎಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು, ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ ಅಷ್ಟೆ. ದಸ್ತಗೀರ ಹೊಸ್ತಿಲ ಹೊರಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅಲ್ಲಿಂದ ಮೂರು ತಿಂಗಳು ಅವನು ನಮ್ಮ ಕಟ್ಟೆಗೆ ಬರಲಿಲ್ಲ.

ನಾನು ಆಟ ಬಿಡುತ್ತೇನೆಂದು ಕಾಗದ ಬರೆದುಕೊಂಡು ಪುರಸಭೆಗೆ ಹೋಗಿ ಕೂತೆ. ಅಧ್ಯಕ್ಷರು ಒಳ್ಳೆಯ ಮನುಷ್ಯ, ನನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೇ ಇಟ್ಟರು. "ನೀ ಬಿಟ್ರ ಮಂದಿ ಯಾರ ಮಾರಿ ನೋಡಬೇಕಪಾ?" ಎಂದರು. ಮನೆಗೆ ಬಂದು ಫಕೀರವ್ವನಿಗೆ ಹೇಳಿದೆ. "ನಾಳೆ ನಿಮ್ಮ ತಂಗೀನ ಛತ್ರಿ ಹಿಡಕೊಂಡು ಬಂದ್ರ ಏನ್ ಮಾಡ್ತೀರಿ?" ಎಂದಳು. ಅತ್ತ ದರಿ ಇತ್ತ ಪುಲಿ. ಮರುವಾರ ಹೋಗಿ ನಿಂತೆ, ಮತ್ತೆ ಹನ್ನೆರಡು ವರ್ಷ ನಿಂತೆ. ಅಷ್ಟರಲ್ಲಿ ಮೊಣಕಾಲು ಸವೆಯಿತು, ಬಲಗಣ್ಣಿಗೆ ಪೊರೆ ಬಂತು, ಫಕೀರವ್ವ ಎಸೆದ ಬೀಜ ನೂರಕ್ಕೆ ನಲವತ್ತೂ ತಾಗದಾದವು. ಆದರೆ ಗುರುವಾರ, ರವಿವಾರ ದಸ್ತಗೀರನ ಚೆಂಡು ಮಾತ್ರ ಯಾವತ್ತಿನಂತೆ ತಾಗುತ್ತಿತ್ತು. ಮೈದಾನಕ್ಕಿಳಿದರೆ ನನ್ನ ಕೈಗೆ ಹಳೆಯ ಬಲ ಬರುತ್ತದೆ ಎಂದು ನಾನು ಎಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದೆ.

ದಸ್ತಗೀರನಿಗೆ ಒಬ್ಬಳೇ ಮಗಳು, ಜೈತುನ. ಅವಳ ತಾಯಿ ಸತ್ತದ್ದು ಒಂದು ಮಂಗಳವಾರ, ಜೈತುನಗೆ ಆಗ ಹನ್ನೆರಡು ವರ್ಷ. ಆ ದಿನ ಅವಳು ಶಾಲೆಯ ಮಕ್ಕಳ ಜೊತೆ ಪರ ಊರಿಗೆ ಹೋಗಿದ್ದಳು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೊಡ್ಡವಳಾಗಿ ನರ್ಸ್ ಓದಿದಳು. ಆರು ವರ್ಷದ ಹಿಂದೆ ಒಂದು ದಿನ ಅಪ್ಪನಿಗೂ ಅವಳಿಗೂ ಜಗಳ ಬಂತು. ಕಾರಣ ಏನೋ ಸಣ್ಣದು, ಆದರೆ ಒಳಗಿದ್ದದ್ದು ಹೊರಗೆ ಬಂತು. "ಊರ ಮಂದಿಗೆಲ್ಲಾ ಹೊತ್ತು ಕೊಟ್ಟಿ, ಅವ್ವಗ ಎರಡು ದಿನಾ ಕೊಡಲಿಲ್ಲ ನೀ" ಎಂದಳಂತೆ. ಅದರಲ್ಲಿ ನ್ಯಾಯವಿಲ್ಲ, ಮಂಗಳವಾರ ಅವನೇನು ಮಾಡಬೇಕಿತ್ತು? ಆದರೆ ಅವನು ಎದುರು ಮಾತಾಡಲಿಲ್ಲ. ಅವಳು ಎರಡು ತಾಸು ದೂರದ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಹೋದವಳು ಆರು ವರ್ಷ ಈ ಕಡೆ ತಲೆ ಹಾಕಲಿಲ್ಲ. ಹಬ್ಬಕ್ಕೂ ಬರಲಿಲ್ಲ. ಕಟ್ಟೆಯ ಮೇಲೆ ಕೂತಾಗ ಅವನು ಅವಳ ಹೆಸರು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಈಗ ಆ ಗುರುವಾರಕ್ಕೆ ಬರುತ್ತೇನೆ. ಹಗ್ಗದ ಆಚೆ ಮೂರು ಛತ್ರಿ ಬಿಚ್ಚಿದ್ದವು. ನಮ್ಮ ಕಡೆಯ ಕೊನೆಯ ಪಾಳಿ, ಇಬ್ಬರು ಔಟು, ನಾನು ಬ್ಯಾಟು ಹಿಡಿದು ಹೋದೆ. ಮಧ್ಯಾಹ್ನ ಮೂರರ ಸುಮಾರು. ದಸ್ತಗೀರ ಎರಡು ಚೆಂಡು ಎಸೆದ, ಎರಡನ್ನೂ ಅಂಚಿಗೆ ತಾಗಿಸಿದೆ. ಅಲ್ಲಿಗೆ ನನ್ನ ಎರಡು ತಪ್ಪು ಲೆಕ್ಕಕ್ಕೆ ಬಿದ್ದವು, ಇನ್ನು ಮೇಲೆ ಎಷ್ಟು ಫೌಲು ಹೊಡೆದರೂ ಔಟಿಲ್ಲ. ಮೂರನೆಯದಕ್ಕೆ ತೋಳೆತ್ತಿದವನು ಹಾಗೇ ನಿಂತ. ಎಡಗೈ ಎದೆಯ ಮೇಲೆ ಇಟ್ಟುಕೊಂಡು ನೆಲಕ್ಕೆ ಕೂತ. ಸ್ವಲ್ಪ ಹೊತ್ತಿಗೆ ಎದ್ದು ನಿಂತ. ಮುಖದಲ್ಲಿ ರಕ್ತವಿರಲಿಲ್ಲ.

ಅಂಪೈರು ರಾಚಯ್ಯ ಮಾಸ್ತರರು, ನಮಗೆಲ್ಲ ಅಕ್ಷರ ಕಲಿಸಿದವರು, ನಡೆದುಹೋಗಿ ಅವನ ಮುಂಗೈ ಹಿಡಿದು ನೋಡಿದರು. ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ನನ್ನ ಹತ್ತಿರ ಬಂದು, ನಾನು ನಿಲ್ಲುವ ಜಾಗದ ಮಣ್ಣು ಗುಡಿಸುವ ನೆವದಲ್ಲಿ ಬಗ್ಗಿ, "ನಾಡಿ ಇಲ್ಲ" ಎಂದರು.

ಮಾಸ್ತರರು ಅವನಿಗೆ ಕೇಳುವಂತೆ, "ದಸ್ತಗೀರಾ, ನೀ ಹೋಗಿ ನೆರಳಾಗ ಮಲಗು. ಬ್ಯಾರೆ ಯಾರರ ಒಗೀಲಿ" ಎಂದರು. ಅವನು ತಲೆಯಾಡಿಸಿದ. "ಇವಂಗ ಬ್ಯಾರೆಯವರು ಒಗದ್ರ ಒಂದ ಚೆಂಡಿಗೆ ಮುಗೀತದ್ರಿ ಮಾಸ್ತರ" ಎಂದ. ಸಾಯುವ ಹೊತ್ತಿನಲ್ಲೂ ಇವನಿಗೆ ಚೇಷ್ಟೆ ಎಂದು ನಾನು ನಕ್ಕೆ. ನಕ್ಕದ್ದು ಯಾಕೋ ಅಳುವಂತೆ ಕೇಳಿಸಿತು.

ಪುರಸಭೆಯ ಆಫೀಸಿನಿಂದ ಜೈತುನಗೆ ಫೋನು ಮಾಡಿದರು. ಬಾಡಿಗೆ ಕಾರು ಮಾಡಿಕೊಂಡು ಹೊರಟಿದ್ದಾಳೆ ಎಂದು ಜನರ ನಡುವೆ ಸುದ್ದಿ ಹಬ್ಬಿ ನನ್ನ ಕಿವಿಗೂ ಬಿತ್ತು. ನಿಯಮದ ಪ್ರಕಾರ ಬೀಳಬಾರದು, ಆದರೆ ಆ ದಿನ ನಿಯಮದ ಮಾತು ಯಾರಿಗೂ ಬೇಕಿರಲಿಲ್ಲ. ಎರಡು ತಾಸು ಹಿಡಿಯಬೇಕು. ಅವನು ಎಸೆದ, ನಾನು ಪಕ್ಕಕ್ಕೆ ಕಳಿಸಿದೆ. ಮತ್ತೆ ಎಸೆದ, ಮತ್ತೆ ಕಳಿಸಿದೆ. ಅಂಗೈಯ ಬೊಕ್ಕೆ ಒಡೆದು ಬ್ಯಾಟಿನ ಹಿಡಿ ಜಾರತೊಡಗಿತು, ಅಂಗಿಯ ತೋಳು ಹರಿದು ಸುತ್ತಿಕೊಂಡೆ. ನೂರಾ ಅರವತ್ತರವರೆಗೆ ಎಣಿಸಿದ್ದು ನೆನಪಿದೆ. ನಾಲ್ಕು ಗಂಟೆಯ ಹೊತ್ತಿಗೆ ಮೂರೂ ಛತ್ರಿ ಒಂದೊಂದಾಗಿ ಮಡಚಿದವು. ನಾನು ತಿರುಗಿ ನೋಡಿದವನು ನೋಡದವನಂತೆ ಮುಂದೆ ತಿರುಗಿಕೊಂಡೆ. ಆ ಮೂರು ಮನೆಗಳಲ್ಲಿ ಏನಾಗುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಐದಕ್ಕೆ ಕಾಲು ಗಂಟೆ ಇರುವಾಗ ಜೈತುನ ಬಂದಳು. ಆಸ್ಪತ್ರೆಯ ಬಿಳಿ ಸೀರೆಯಲ್ಲೇ ಇದ್ದಳು. ಹಗ್ಗದವರೆಗೆ ಓಡಿಬಂದು ನಿಂತಳು, ಇನ್ನೊಂದು ಹೆಜ್ಜೆ ಇಟ್ಟರೆ ಆಟ ನಿಲ್ಲುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಮಡಚಿದ ಛತ್ರಿಯೊಂದನ್ನು ಯಾರೋ ಅವಳ ಕೈಗೆ ಕೊಟ್ಟರು. ಬಿಚ್ಚಿ ಹಿಡಿದಳು. ದಸ್ತಗೀರ ನನ್ನ ತಲೆಯ ಮೇಲಿನಿಂದ ಅವಳನ್ನು ನೋಡಿ ಟೋಪಿ ತೆಗೆದ.

"ಅಪ್ಪಾ, ನಾ ಬಂದೀನಿ" ಎಂದು ಕೂಗಿದಳು.

ಅವನು ಸ್ವಲ್ಪ ಹೊತ್ತು ದಮ್ಮು ಎಳೆದುಕೊಂಡು, "ಉಂಡಿಯೇನವಾ?" ಎಂದು ಕೂಗಿದ.

"ಉಂಡೀನಿ" ಎಂದಳು. ಆ ದನಿ ಕೇಳಿದರೆ ಅವಳು ಬೆಳಗಿನಿಂದ ಏನೂ ತಿಂದಿಲ್ಲವೆಂದು ಕುರುಡನಿಗೂ ತಿಳಿಯುತ್ತಿತ್ತು. ಸಾವಿರ ಜನರ ನಡುವೆ, ಅಷ್ಟು ದೂರದಿಂದ ಕೂಗಿಕೊಂಡು, ಇನ್ನೇನು ಮಾತಾಡುತ್ತಾರೆ? ಅವನು ಟೋಪಿ ಹಾಕಿಕೊಂಡು ಎಸೆದ. ಅವಳು ನನ್ನ ಬೆನ್ನಿಗೆ, "ಯಮನಪ್ಪ ಕಾಕಾ, ಬಿಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಬಿಡಬ್ಯಾಡ್ರಿ" ಎಂದಳು. ನಾನು ಬಿಡಲಿಲ್ಲ.

ಇನ್ನೂ ಮೂವತ್ತು ಚೆಂಡಾಗಿರಬೇಕು. ಒಂದು ಫೌಲು ನನ್ನ ಮುಂದೆಯೇ ಒಂದು ಮಾರಿನಲ್ಲಿ ಗೆರೆಯ ಪಕ್ಕ ಬಿತ್ತು, ಅದನ್ನು ಎತ್ತಿಕೊಳ್ಳಲು ದಸ್ತಗೀರನೇ ಬಂದ. ಕಾಲೆಳೆಯುತ್ತಿದ್ದ. ಬಗ್ಗಿದವನು ಏಳಲು ಮೊಣಕಾಲಿಗೆ ಕೈ ಊರಿದ. ನಾನು ಎರಡು ಹೆಜ್ಜೆ ಹೋಗಿ ರಟ್ಟೆ ಹಿಡಿದು ಎತ್ತಿದೆ. ರಟ್ಟೆ ಕಲ್ಲಿನಂತೆ ತಣ್ಣಗಿತ್ತು.

"ಸಾಕು ಬಿಡೋ, ಯಮನ್ಯಾ" ಎಂದ, ಮೆಲ್ಲಗೆ.

"ಆಕಿ ಛತ್ರಿ ಮಡಚಲಿ" ಎಂದೆ.

"ಆಕಿ ಮಡಚೂದಿಲ್ಲ. ನಾ ಹಡದಾಕಿ, ನಂಗ ಗೊತ್ತಿಲ್ಲೇನು. ಕತ್ತಲಾಗೂ ತನಕ ಹಿಡಿತಾಳ. ಆ ಮೂರು ಮನ್ಯಾಗ ಮಡಚಿ ತಾಸಾತು. ಅವರು ನನ್ನ ಸಲುವಾಗಿ ಒದ್ದಾಡಾಕತ್ಯಾರ. ಈರಬಸಪ್ಪನ್ನ ಮರತೇನು?"

"ಇವತ್ತ ನಾ ಯಾರನ್ನೂ ನೆನಸೂದಿಲ್ಲ" ಎಂದೆ. "ನೀ ಒಗಿ."

"ನೋವಾಗಾಕತ್ತೈತೋ" ಎಂದ.

ಮೂವತ್ತೊಂದು ವರ್ಷದಲ್ಲಿ ಅವನ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಅವನ ಹಣೆಯ ಮೇಲೆ ಬೆವರಿರಲಿಲ್ಲ, ತುಟಿ ನೀಲಿಯಾಗಿತ್ತು, ಕಣ್ಣಿನಲ್ಲಿ ನೀರಿತ್ತು. ನನಗೆ ಕರುಣೆ ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು. ನನ್ನನ್ನು ಒಬ್ಬನನ್ನೇ ಬಿಟ್ಟು ಹೋಗಲು ಇಷ್ಟು ಅವಸರವೇ ಎಂಬ ಸಿಟ್ಟು. "ಒಗಿ ಅಂದೆ" ಎಂದು ಹಲ್ಲು ಕಡಿದೆ. ಪಕ್ಕದಲ್ಲಿ ರಾಚಯ್ಯ ಮಾಸ್ತರರು ನೆಲ ನೋಡುತ್ತಾ ನಿಂತಿದ್ದರು, ಎಲ್ಲವನ್ನೂ ಕೇಳಿಸಿಕೊಂಡರು.

ದಸ್ತಗೀರ ಚೆಂಡನ್ನು ಅಂಗಿಗೆ ಒರೆಸಿದ. "ಹಂಗಾರ ಸಿಟ್ಟಾಗಬ್ಯಾಡ" ಎಂದು ಹೇಳಿ ತನ್ನ ಜಾಗಕ್ಕೆ ಹೋದ.

ಮೊದಲನೆಯ ಚೆಂಡು ನನಗೆ ಕಾಣಲೇ ಇಲ್ಲ. ಬ್ಯಾಟು ಎತ್ತುವುದರೊಳಗೆ ಅದು ನನ್ನ ಬೆರಳಿನ ಗೆಣ್ಣಿಗೆ ಬಡಿದು, ಹಿಡಿಗೆ ತಾಗಿ ಪಕ್ಕಕ್ಕೆ ಸಿಡಿಯಿತು. ಮಾಸ್ತರರು ನನ್ನ ಬೆರಳನ್ನು ನೋಡದವರಂತೆ ಫೌಲು ಎಂದರು. ಬೆರಳು ಮುರಿದಿತ್ತು, ಅದು ಆಮೇಲೆ ಗೊತ್ತಾಯಿತು. ಎರಡನೆಯದು ನೇರಕ್ಕೆ ಬಂದು ನನ್ನ ಮುಂದೆ ಬರುವಾಗ ಕುಸಿಯಿತು. ಹಾಗೆ ಕುಸಿಯುವ ಚೆಂಡನ್ನು ಅವನು ಎಸೆದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಬಗ್ಗಿ ಬೀಸಿದೆ, ಬ್ಯಾಟಿನ ತುದಿಗೆ ಒಂದು ಕೂದಲಿನಷ್ಟು ತಾಗಿ ಫೌಲಾಯಿತು. ಆಗ ನನಗೆ ತಿಳಿಯಿತು. ಫಕೀರವ್ವನ ಹುಣಸೆಬೀಜ ಸಿಗದ ಕಣ್ಣಿಗೆ ದಸ್ತಗೀರನ ಚೆಂಡು ಹೇಗೆ ಸಿಗುತ್ತಿತ್ತು ಎಂದು ಹನ್ನೆರಡು ವರ್ಷ ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಮೂವತ್ತೊಂದು ವರ್ಷ ಅವನು ಚೆಂಡನ್ನು ತಂದು ನನ್ನ ಬ್ಯಾಟಿನ ಅಂಚಿಗೆ ಮುಟ್ಟಿಸಿ ಹೋಗುತ್ತಿದ್ದ. ಛತ್ರಿಗಳು ನನ್ನ ಬೆನ್ನಿಗಿದ್ದವು, ಅವನ ಕಣ್ಣೆದುರಿಗಿದ್ದವು. ಊರನ್ನು ಹಿಡಿದಿದ್ದವನು ಅವನು, ಮುದುಕರು ಎದ್ದು ನಿಂತದ್ದು ನನಗೆ.

ಮೂರನೆಯದಕ್ಕೆ ನಾನು ಪೂರಾ ಮನಸ್ಸಿನಿಂದ ಬೀಸಿದೆ. ಇದನ್ನು ನನ್ನ ಹೆಂಡತಿಯ ಮೇಲೆ ಆಣೆ ಮಾಡಿ ಹೇಳುತ್ತೇನೆ. ಬಿಡಬೇಕೆಂದು ನಾನು ಬಿಡಲಿಲ್ಲ. ಜೀವಮಾನದಲ್ಲಿ ಯಾವ ಚೆಂಡನ್ನೂ ಅಷ್ಟು ಆಸೆಯಿಂದ ಹೊಡೆಯಲು ನೋಡಿರಲಿಲ್ಲ. ಬ್ಯಾಟು ಗಾಳಿಯಲ್ಲಿ ಸುತ್ತಿ ಬಂತು, ಚೆಂಡು ಹಿಂದೆ ಹಿಡಿಯುವವನ ಕೈಯಲ್ಲಿ ಬಡಿಯಿತು. ದಸ್ತಗೀರ ನನ್ನನ್ನು ನೋಡುತ್ತಿದ್ದ. ಮಾಸ್ತರರು ಔಟು ಎಂದರು, ಆಮೇಲೆ ಬಹಳ ಹೊತ್ತು ತಡೆದು, ದನಿಯಿಲ್ಲದ ದನಿಯಲ್ಲಿ, ಆಟ ಮುಗಿಯಿತು ಎಂದರು. ಅವನು ನಿಂತಲ್ಲೇ ಮಡಚಿ ಬಿದ್ದ. ಜೈತುನ ಹಗ್ಗದ ಕೆಳಗೆ ನುಸುಳಿ ನನ್ನ ಪಕ್ಕದಿಂದಲೇ ಓಡಿಹೋದಳು. ಆಕಾಶದಲ್ಲಿ ಇನ್ನೂ ಒಂದು ತಾಸಿನ ಬೆಳಕಿತ್ತು.

ರವಿವಾರದ ಆಟಕ್ಕೆ ಬೇರೊಬ್ಬ ಎಸೆದ. ಮುರಿದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋಗಿ ನಿಂತೆ. ಹಗ್ಗದ ಆಚೆ ಒಂದು ಛತ್ರಿಯಿತ್ತು. ಮೂರು ಚೆಂಡು, ಮೂರೂ ತಪ್ಪು. ಮಗ ಬರುವುದರೊಳಗೆ ಒಬ್ಬ ಮುದುಕಿ ಹೋದಳು. ಗೆಳೆಯ ಸತ್ತ ದುಃಖ, ಅದಕ್ಕೇ ಕೈ ಓಡಲಿಲ್ಲ ಎಂದು ಜನ ತಮ್ಮ ತಮ್ಮಲ್ಲೇ ಸಮಾಧಾನ ಮಾಡಿಕೊಂಡರು. ಗುರುವಾರ ಬೇಕೆಂದೇ ಬಿಟ್ಟನಂತೆ, ಅವನ ಸಂಕಟ ನೋಡಲಾರದೆ ಬಿಟ್ಟನಂತೆ ಎಂದೂ ಆಡಿಕೊಂಡರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಧ್ಯಕ್ಷರು ಈ ಸಲ ನನ್ನ ಕಾಗದವನ್ನು ಮಡಚದೆ ಇಟ್ಟುಕೊಂಡರು.

ಸೋಮವಾರ ಮಧ್ಯಾಹ್ನ ಜೈತುನ ಬಂದಳು. ಕೆಲಸದ ಊರಿಗೆ ವಾಪಸು ಹೊರಟಿದ್ದಳು, ಚೀಲ ಕೈಯಲ್ಲೇ ಇತ್ತು. ಫಕೀರವ್ವ ಚಾಪೆ ಹಾಸಿದಳು, ಅವಳು ಕೂರಲಿಲ್ಲ.

"ಒಂದ ಮಾತು ಕೇಳಾಕ ಬಂದೀನಿ, ಕಾಕಾ. ಕಡೀಗೆ ಅಪ್ಪ ಒಗದ ಚೆಂಡು ಬ್ಯಾರೆ ಇದ್ವು. ನಾ ಸಣ್ಣಾಕಿದ್ದಾಗಿಂದ ನೋಡೀನಿ, ಅವ ಹಂಗ ಒಗಿಯೂದಿಲ್ಲ. ಅವನ ಬೇಕಂತ ನಿಮ್ಮನ್ನ ಔಟ್ ಮಾಡಿದ್ನೇನು?"

ನಾನು ಅವಳ ಮುಖ ನೋಡಿದೆ. ನಾಲ್ಕು ದಿನದಿಂದ ನಿದ್ದೆಯಿಲ್ಲದ ಮುಖ, ಅಪ್ಪನದೇ ಹಣೆ. ಹೌದು ಎಂದು ಹೇಳಿದರೆ ಅವಳು ಏನು ಹೊತ್ತುಕೊಂಡು ಕಾರು ಹತ್ತುತ್ತಾಳೆ ಎಂದು ನನಗೆ ಕಾಣುತ್ತಿತ್ತು. ಆರು ವರ್ಷ ಬರದವಳು ಬಂದು ನಿಂತಳು, ಬೇಡಿಕೊಂಡಳು, ಒಂದು ತಾಸು ಬೆಳಕಿತ್ತು, ಅವನು ಕೈಯಾರೆ ಮುಗಿಸಿಕೊಂಡು ಹೋದ. ಅವಳಿಗೆ ಅವ್ವನ ಮಂಗಳವಾರ ಸಾಕಾಗಿತ್ತು.

"ಬ್ಯಾರೆ ಏನೂ ಇರಲಿಲ್ಲ" ಎಂದೆ. "ದಿನಾ ಒಗಿಯೋ ಚೆಂಡ. ನಾನ ಬಿಟ್ಟೆ."

"ನೀವು?"

"ನನಗ ಸಾಕಾಗಿತ್ತು. ಕೈ ನೋಯಾಕತ್ತಿತ್ತು."

"ಅಪ್ಪ ನಿಮ್ಮ ಹತ್ರ ಬಂದು ಏನೋ ಅಂದ. ನಾ ನೋಡ್ದೆ. ಏನಂದ?"

ಒಳಗೆ ಫಕೀರವ್ವ ಪಾತ್ರೆ ಸದ್ದು ನಿಲ್ಲಿಸಿದಳು. ನಾನು ಹೇಳಿದೆ. "ಬಿಡಬ್ಯಾಡ ಅಂದ. ಮಗಳು ಬಂದಾಳ, ಬೆಳಕಿರೂ ತನಕ ಹಿಡಿ, ಆಕೀನ ಇನ್ನಷ್ಟ ನೋಡ್ತೀನಿ ಅಂದ."

ಜೈತುನ ಚೀಲ ಕೆಳಗಿಟ್ಟಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಲ್ಲೇ ಅತ್ತಳು. ಅವಳು ಅತ್ತದ್ದನ್ನು ನಾನು ಆ ದಿನದವರೆಗೆ ನೋಡಿರಲಿಲ್ಲ, ಮಣ್ಣು ಕೊಡುವಾಗಲೂ ಅತ್ತಿರಲಿಲ್ಲವೆಂದು ಜನ ಹೇಳಿದ್ದರು. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿದಳು. ಹೊಸ್ತಿಲಿನ ಆಚೆ ನಿಂತು ತಿರುಗಿದಳು.

"ನಿಮಗ ಗುರುವಾರ ಸಿಗದಿರಲಿ, ಯಮನಪ್ಪ" ಎಂದಳು. "ರವಿವಾರನೂ ಸಿಗದಿರಲಿ."

ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಶಾಪವಿಲ್ಲ. ಒಳಗಿನಿಂದ ಫಕೀರವ್ವ ಬಾಯಿಗೆ ಸೆರಗು ಹಿಡಿದು ಓಡಿಬಂದಳು.

ನಾನು ಕೈ ಮುಗಿದು, "ಹಂಗ ಆಗಲಿ ಯವ್ವಾ" ಎಂದೆ.